ತೊಮಾಸಾಳ ಜೊಲ್ಲು

ತೊಮಾಸಾ ಎಂಬ ಹೆಣ್ಣಾನೆ ಆ ಮೃಗಾಲಯದಲ್ಲಿ ಬಾಯಿ ತೆರೆದು ತೋರಿಸುತ್ತಿದ್ದುದು ಒಬ್ಬಳಿಗೆ ಮಾತ್ರ. ಅವಳ ಹೆಸರು ಎರ್ಲಿಂದಾ ತೆಪೋಸ್. ವಯಸ್ಸು ಐವತ್ತಮೂರು, ಕುಳ್ಳಗಿನ ಆಳು, ನಡೆಯುವಾಗ ಎಡಗಾಲನ್ನು ಕೊಂಚ ಎಳೆಯುತ್ತಿದ್ದಳು. ಮೃಗಾಲಯಕ್ಕೆ ಅವಳು ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಮೆಕ್ಸಿಕೋದಲ್ಲಿ ಸರ್ಕಸ್ಸಿನವರು ಪ್ರಾಣಿಗಳನ್ನು ಆಡಿಸಬಾರದೆಂದು ಕಾನೂನು ಬಂದ ವರ್ಷ ತೊಮಾಸಾಳನ್ನು ಲಾರಿಯಲ್ಲಿ ತಂದು ಇಳಿಸಿದರು. ಕೋಲು ಹಿಡಿದ ಗಂಡಸು ಹತ್ತಿರ ಬಂದರೆ ಸಾಕು, ಅವಳು ಗೋಡೆಗೆ ಬೆನ್ನು ಹಚ್ಚಿ ನಿಂತು ನಡುಗುತ್ತಿದ್ದಳು. ಎರ್ಲಿಂದಾ ಅವಳ ಕಡೆ ನೋಡದೆ ದಿನಾ ಅಂಗಳ ಗುಡಿಸಿಕೊಂಡು ಹೋಗುತ್ತಿದ್ದಳು. ಹನ್ನೊಂದನೆಯ ದಿನ ತೊಮಾಸಾ ತಾನಾಗಿ ಬಂದು ಅವಳ ಕೈಯ ಪೊರಕೆ ಕಿತ್ತುಕೊಂಡಳು. ಅದನ್ನು ವಾಪಸ್ ಪಡೆಯಲು ಎರ್ಲಿಂದಾಗೆ ಅರ್ಧ ಗಂಟೆ ಹಿಡಿಯಿತು. ಮರುವಾರವೇ ಅವಳನ್ನು ಆನೆ ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು.

ಹೀಗೆ ಒಂಬತ್ತು ವರ್ಷ ಕಳೆದ ಮೇಲೆ ಊರಿಗೆ ಕೇಬಲ್ ಕಾರು ಬರುವ ಸುದ್ದಿ ಬಂತು.

ಎರ್ಲಿಂದಾಳ ಮನೆ ಇದ್ದದ್ದು ಊರಂಚಿನ ಗುಡ್ಡದ ಮೇಲೆ, ಲೋಮಾ ಕಾಲ್ವಾ ಎಂಬ ಬಡಾವಣೆಯಲ್ಲಿ. ಅಲ್ಲಿಂದ ಕೆಳಗಿಳಿಯಲು ನಾನೂರಕ್ಕೂ ಹೆಚ್ಚು ಮೆಟ್ಟಿಲು, ಆಮೇಲೆ ಎರಡು ಬಸ್ಸು. ಕೇಬಲ್ ಕಾರು ಬಂದರೆ ಒಂದೂವರೆ ಗಂಟೆಯ ದಾರಿ ಹದಿನಾಲ್ಕು ನಿಮಿಷಕ್ಕೆ ಇಳಿಯುತ್ತದೆ ಎಂದು ನಗರಸಭೆಯವರು ಫಲಕ ಹಾಕಿದ್ದರು. ಗುಡ್ಡದ ಜನ ಹನ್ನೆರಡು ವರ್ಷ ಅರ್ಜಿ ಬರೆದು ಬರೆದು ತರಿಸಿಕೊಂಡ ಯೋಜನೆ ಅದು. ಒಂದೇ ತೊಡಕು. ನಾಲ್ಕನೆಯ ಕಂಬದ ಜಾಗ ಮೃಗಾಲಯದ ಹಿಂಗೋಡೆಯ ಆಚೆ, ತೊಮಾಸಾಳ ಅಂಗಳದಿಂದ ನಲವತ್ತು ಹೆಜ್ಜೆ ದೂರದಲ್ಲಿತ್ತು.

ಕೊರೆಯುವ ಯಂತ್ರ ಬರುವ ಮೊದಲೇ ಪ್ರಾಣಿಪ್ರಿಯರು ಗೇಟಿನ ಮುಂದೆ ಬ್ಯಾನರ್ ಹಿಡಿದು ನಿಂತರು. ಆ ಸದ್ದಿಗೆ ಆನೆಗೆ ಹುಚ್ಚು ಹಿಡಿಯುತ್ತದೆ ಎಂದರು. ಗುತ್ತಿಗೆದಾರರು ಏನೂ ಆಗುವುದಿಲ್ಲ ಎಂದರು. ನಡುವೆ ಸಿಕ್ಕಿಕೊಂಡ ಮೃಗಾಲಯದ ನಿರ್ದೇಶಕ ಬಾಲ್ತಸಾರ್ ಉರೂತಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಒಬ್ಬ ವಿಜ್ಞಾನಿಯನ್ನು ಕರೆತಂದ. ಅವಳು ಡಾಕ್ಟರ್ ಯಾದೀರಾ ಮೊಂತಾಲ್ವೊ. ಸಣ್ಣ ವಯಸ್ಸು, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ನು.

“ರಕ್ತ ತೆಗೀಬೇಕಾ ಡಾಕ್ಟ್ರೇ? ಸೂಜಿ ಅಂದ್ರೆ ಇವಳು ಗೋಡೆ ಒಡೀತಾಳೆ,” ಎಂದಳು ಎರ್ಲಿಂದಾ ಮೊದಲ ದಿನವೇ.

“ರಕ್ತ ಬೇಡ ದೋನ್ಯಾ,” ಎಂದಳು ಯಾದೀರಾ, ಹಿರಿಯ ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವ ಹಾಗೆ. “ಸೂಜಿಗೆ ಹೆದರಿದ್ರೆ ನಾವು ಆ ಹೆದರಿಕೇನೇ ಅಳೆದ ಹಾಗಾಗುತ್ತೆ. ಜೊಲ್ಲು ಸಾಕು.”

“ಜೊಲ್ಲಾ?”

“ಹ್ಞೂಂ. ಮೈಗೆ ಒತ್ತಡ ಬಿದ್ದಾಗ ಕಾರ್ಟಿಸಾಲ್ ಅಂತ ಒಂದು ರಸ ಊರುತ್ತೆ. ನನಗೂ ಊರುತ್ತೆ, ನಿಮಗೂ ಊರುತ್ತೆ, ಇವಳಿಗೂ ಊರುತ್ತೆ. ರಕ್ತದಲ್ಲಿ ಏರಿದ್ರೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಜೊಲ್ಲಿಗೂ ಬರುತ್ತೆ. ಬೆಳಿಗ್ಗೆ ಎದ್ದಾಗ ಜಾಸ್ತಿ ಇರೋದು ಸಹಜ. ಸಂಜೆ ಹೊತ್ತಿಗೆ ಇಳೀಬೇಕು. ಇಳೀದೆ ಇದ್ರೆ ಏನೋ ಸರಿ ಇಲ್ಲ ಅಂತ.”

ಎರ್ಲಿಂದಾ ಆನೆಯ ಕಡೆ ನೋಡಿದಳು. “ನೋಡೇ ತೊಮಾಸಾ, ನಿನ್ನ ಹೊಟ್ಟೇಲಿರೋದೆಲ್ಲ ಇನ್ಮೇಲೆ ಇವರಿಗೆ ಗೊತ್ತಾಗುತ್ತಂತೆ,” ಎಂದಳು.

ಕೆಲಸ ಸರಳವಾಗಿತ್ತು. ಉದ್ದ ಕೋಲಿನ ತುದಿಗೆ ಸುತ್ತಿದ ಹತ್ತಿಯನ್ನು ಆನೆಯ ನಾಲಿಗೆಯ ಕೆಳಗೆ ಒಂದು ನಿಮಿಷ ಹಿಡಿಯಬೇಕು. ನೆನೆದ ಹತ್ತಿಯನ್ನು ಕೊಳವೆಗೆ ಹಾಕಿ, ಮೇಲೆ ಹೊತ್ತು ಬರೆದು, ಮಂಜುಗಡ್ಡೆಯ ಡಬ್ಬಿಗೆ ಇಡಬೇಕು. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ. ಅದಕ್ಕೆ ಒಂದು ಗಂಟೆ ಮೊದಲಿನಿಂದ ಆನೆಗೆ ತಿನ್ನಲು ಏನೂ ಕೊಡಬಾರದು. ಇಷ್ಟೇ.

ಆದರೆ ಮೊದಲ ಮೂರು ದಿನ ತೊಮಾಸಾ ಬಾಯಿಯನ್ನೇ ತೆರೆಯಲಿಲ್ಲ. ಕಂಬಿಯಾಚೆ ಡಾಕ್ಟರು, ನಿರ್ದೇಶಕ, ಪತ್ರಿಕೆಯವನೊಬ್ಬ ನಿಂತು ನೋಡುತ್ತಿದ್ದರು. ಎರ್ಲಿಂದಾ ಮುದ್ದು ಮಾಡಿದಳು, ಗದರಿದಳು, ಗಲ್ಲ ಕೆರೆದಳು. ತೊಮಾಸಾ ಎತ್ತಲೋ ನೋಡಿಕೊಂಡು ಕಿವಿ ಬೀಸುತ್ತಿದ್ದಳು.

“ನಾನು ಹೇಳಿದ್ರೆ ಕುಣೀತಾಳೆ ಅಂದಿದ್ರಲ್ಲ ದೋನ್ಯಾ?” ಎಂದು ನಿರ್ದೇಶಕ ನಕ್ಕ. ಪತ್ರಿಕೆಯವನೂ ನಕ್ಕ.

ಎರ್ಲಿಂದಾಳ ಮುಖ ಕೆಂಪಗಾಯಿತು. ಮರುದಿನ ಗೇಟಿನ ಹೊರಗೆ ಹಣ್ಣು ಮಾರುವವನ ಹತ್ತಿರ ಒಂದು ಕಿತ್ತಳೆ ಕೊಂಡು ಸುಲಿದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಯಾರೂ ನೋಡದ ಹೊತ್ತಿನಲ್ಲಿ ಎರಡು ತೊಳೆ ಕೊಟ್ಟಳು. ತೊಮಾಸಾ ಬಾಯಿಯನ್ನು ಗುಹೆಯ ಹಾಗೆ ತೆರೆದಳು. ಜೊಲ್ಲು ಧಾರಾಳವಾಗಿ ಬಂತು. ಇಡೀ ಬುಟ್ಟಿ ಹುಲ್ಲು ತಿನ್ನುವ ಪ್ರಾಣಿಗೆ ಎರಡು ತೊಳೆ ಕಿತ್ತಳೆ ಏನು ತಿಂಡಿಯೇ ಎಂದು ಎರ್ಲಿಂದಾ ತನಗೆ ತಾನೇ ಹೇಳಿಕೊಂಡಳು. ಅವತ್ತಿನಿಂದ ದಿನಕ್ಕೆರಡು ಸಲ ಅದೇ ನಡೆಯಿತು.

ಜನವರಿಯ ಕೊನೆಗೆ ಗೋಡೆಯಾಚೆ ಯಂತ್ರ ನೆಲ ಕೊರೆಯಲು ಶುರುಮಾಡಿತು. ನೀರಿನ ತೊಟ್ಟಿಯಲ್ಲಿ ನೀರು ನಡುಗುತ್ತಿತ್ತು. ಫೆಬ್ರವರಿಯ ನಡುವೆ ಮೊದಲ ವರದಿ ಬಂತು. ನಾಲ್ಕೈದು ಇರಬೇಕಾದ ಬೆಳಗಿನ ಅಂಕಿ ಹದಿಮೂರು. ಎರಡಕ್ಕೆ ಇಳಿಯಬೇಕಾದ ಸಂಜೆಯ ಅಂಕಿ ಹನ್ನೆರಡು, ಹದಿನಾಲ್ಕು. ಪತ್ರಿಕೆಯಲ್ಲಿ ತೊಮಾಸಾಳ ಕಣ್ಣಿನ ದೊಡ್ಡ ಚಿತ್ರ ಬಂತು, ಕೆಳಗೆ ‘ಮೂಕ ಆನೆಯ ಗೋಳು’ ಎಂದು. ಮಾರ್ಚ್ ಮೊದಲ ವಾರ ನಗರಸಭೆ ನಾಲ್ಕನೆಯ ಕಂಬದ ಕೆಲಸ ನಿಲ್ಲಿಸಿತು. ಒಂದು ಕಂಬದ ಕೆಲಸ ನಿಂತರೆ ಇಡೀ ತಂತಿಯೇ ನಿಂತ ಹಾಗೆ.

ಗೇಟಿನ ಬಳಿ ಬ್ಯಾನರಿನವರು ಎರ್ಲಿಂದಾಳನ್ನು ಅಪ್ಪಿಕೊಂಡರು. ಗುಡ್ಡದ ಮೇಲೆ ಮಾತ್ರ ಅವಳನ್ನು ಕಂಡರೆ ಜನ ಮುಖ ತಿರುಗಿಸಿದರು. ತೋರ್ತಿಯಾ ರೊಟ್ಟಿಯ ಅಂಗಡಿಯ ಸಾಲಿನಲ್ಲಿ ನಿಂತರೆ ಹಿಂದಿನವರು ಆನೆಯ ಹಾಗೆ ಘೀಳಿಡುತ್ತಿದ್ದರು.

ಅವಳಿಗೆ ಹೆಚ್ಚು ನಾಟಿದ್ದು ಚೋಲೆಯ ಮಾತು. ಚೋಲೆ ಎರ್ಲಿಂದಾಳ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತಿದ್ದ ಧರ್ಮತಾಯಿ. ಆ ನಂಟಿನಿಂದ ಇಬ್ಬರೂ ಇಪ್ಪತ್ತೆಂಟು ವರ್ಷದಿಂದ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಎಂದೇ ಕರೆದುಕೊಂಡವರು. ಚೋಲೆಯ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೆಟ್ಟಿಲಿಳಿಸಬೇಕಿತ್ತು.

“ಕೊಮಾದ್ರೆ,” ಎಂದಳು ಚೋಲೆ ಒಂದು ಭಾನುವಾರ, ಬಾಗಿಲಲ್ಲೇ ನಿಲ್ಲಿಸಿಕೊಂಡು, “ಆನೆ ಉಗುಳು ಅಳೀತೀಯಂತೆ. ನಿನ್ನೆ ನನ್ನ ಕುರ್ಚಿ ಹೊತ್ತವರಲ್ಲಿ ಒಬ್ಬ ಜಾರಿದ. ನಾನು ಕಂಬಿ ಹಿಡ್ಕೊಂಡು ಬದುಕಿದೆ. ನನ್ನ ಉಗುಳು ಅಳೆಯೋಕೆ ಯಾರಾದ್ರೂ ಬರ್ತಾರಾ?”

“ನಾನು ನಿಲ್ಲಿಸಿದ್ದಲ್ಲ ಕೊಮಾದ್ರೆ. ಅಂಕಿ ಹಾಗೆ ಬಂತು.”

“ಅಂಕಿಗೆ ಕಾಲಿಲ್ಲ. ಯಾರೋ ತಂದಿರ್ಬೇಕು ತಾನೇ.” ಚೋಲೆ ಬಾಗಿಲು ಹಾಕಿಕೊಂಡಳು. ಜೋರಾಗಿ ಹಾಕಲಿಲ್ಲ. ಅವಳಿಗೆ ಅಷ್ಟು ಶಕ್ತಿಯೂ ಇರಲಿಲ್ಲ.

ಈಸ್ಟರ್ ಹಬ್ಬ ಕಳೆದ ಮೇಲೆ ಯಾದೀರಾ ಎರ್ಲಿಂದಾಳನ್ನು ತನ್ನ ಪ್ರಯೋಗಾಲಯಕ್ಕೆ ಕರೆಸಿಕೊಂಡಳು. ಅಂಗೈಯಗಲದ ತಟ್ಟೆಯೊಂದರಲ್ಲಿ ಸಾಲು ಸಾಲು ಪುಟ್ಟ ಗುಳಿಗಳು, ಅವುಗಳಲ್ಲಿ ಹಳದಿ ನೀರು. ಕೆಲವು ಗಾಢ, ಕೆಲವು ತೆಳು.

“ಬಣ್ಣ ತೆಳುವಾದಷ್ಟೂ ಕಾರ್ಟಿಸಾಲ್ ಜಾಸ್ತಿ,” ಎಂದಳು ಯಾದೀರಾ. “ಇಲ್ಲಿ ನೋಡಿ. ಇದು ಗುಡ್ ಫ್ರೈಡೇ ದಿನದ್ದು. ಯಂತ್ರ ನಿಂತು ತಿಂಗಳಾಗಿತ್ತು. ಅವತ್ತು ಮೃಗಾಲಯಾನೂ ಮುಚ್ಚಿತ್ತು. ಆದ್ರೂ ಹದಿನಾಲ್ಕು. ಸದ್ದು ನಿಂತ್ರೂ ಅಂಕಿ ಯಾಕೆ ಇಳೀಲಿಲ್ಲ? ಒಂದು ವಾರದಿಂದ ತಲೆ ಕೆಡಿಸ್ಕೊಂಡಿದೀನಿ.”

“ಅವಳಿಗೆ ಇನ್ನೂ ಭಯ ಹೋಗಿಲ್ವೇನೋ.”

“ನಾನೂ ಹಾಗೇ ಅಂದ್ಕೊಂಡೆ. ಆಮೇಲೆ ಸುಮ್ನೆ ಒಂದು ಕಾಗದ ಅದ್ದಿ ನೋಡಿದೆ. ಜೊಲ್ಲು ಹುಳಿ ಇದೆ ದೋನ್ಯಾ. ಆನೆ ಜೊಲ್ಲು ಇಷ್ಟು ಹುಳಿ ಇರಲ್ಲ. ಹುಳಿ ಇದ್ರೆ ಈ ಪರೀಕ್ಷೆ ಸುಳ್ಳು ಹೇಳುತ್ತೆ, ಇಲ್ಲದ ಕಾರ್ಟಿಸಾಲನ್ನೂ ಇದೆ ಅನ್ನುತ್ತೆ. ಅವಳ ಹೊಟ್ಟೆ ಏನಾದ್ರೂ ಕೆಟ್ಟಿದೆಯಾ?”

ಎರ್ಲಿಂದಾ ಚೀಲ ಎತ್ತಿಕೊಂಡಳು. ಹೊಟ್ಟೆ ಚೆನ್ನಾಗಿದೆ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದಳು. ಮೆಟ್ಟಿಲಿಳಿದು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು.

ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಯಂತ್ರ ಮತ್ತೆ ಬರುತ್ತದೆ. ಆ ಸದ್ದು ತೊಮಾಸಾಗೆ ಹಿಂಸೆ ಎಂದು ಎರ್ಲಿಂದಾ ಮನಸಾರೆ ನಂಬಿದ್ದಳು. ಹೇಳದಿದ್ದರೆ ಚೋಲೆಯ ಕುರ್ಚಿ ಮೆಟ್ಟಿಲ ಮೇಲೆ ಓಲಾಡುತ್ತಲೇ ಇರುತ್ತದೆ. ಎರಡನ್ನೂ ತೂಗಿ ನೋಡಿದಳು. ತೂಗುತ್ತಿರುವಾಗ ಬೇರೊಂದು ಮಾತು ಅವಳನ್ನು ಚುಚ್ಚಿತು. ಇಷ್ಟು ದಿನ ತೊಮಾಸಾಳನ್ನು ಯಾರೂ ಏನೂ ಕೇಳಿಯೇ ಇರಲಿಲ್ಲ. ಬ್ಯಾನರಿನವರು, ಪತ್ರಿಕೆಯವರು, ನಗರಸಭೆಯವರು ಕೇಳಿಸಿಕೊಂಡದ್ದು ಆನೆಯ ಮಾತಲ್ಲ, ಕಿತ್ತಳೆಯ ಮಾತು. ಅವಳ ಬಾಯಿಗೆ ಆ ಮಾತು ಹಾಕಿದವಳು ತಾನು.

ಮೂರನೆಯ ನಿಲ್ದಾಣದಲ್ಲಿ ಇಳಿದು, ಎಡಗಾಲು ಎಳೆಯುತ್ತ, ಬಂದ ದಾರಿಯಲ್ಲೇ ವಾಪಸ್ ನಡೆದಳು. ದಾರಿಯಲ್ಲಿ ಒಂದು ಕಿತ್ತಳೆ ಕೊಂಡಳು.

ಯಾದೀರಾ ಪ್ರಯೋಗಾಲಯಕ್ಕೆ ಬೀಗ ಹಾಕುತ್ತಿದ್ದಳು.

“ಡಾಕ್ಟ್ರೇ, ನನ್ನ ಜೊಲ್ಲು ತಗೊಳ್ಳಿ.”

“ಏನು?”

“ಈಗೊಂದ್ಸಲ ತಗೊಳ್ಳಿ. ಆಮೇಲೆ ನಾನು ಈ ಹಣ್ಣು ತಿಂತೀನಿ. ತಕ್ಷಣ ಇನ್ನೊಂದ್ಸಲ ತಗೊಳ್ಳಿ. ಎರಡನ್ನೂ ಆ ತಟ್ಟೆಗೆ ಹಾಕಿ.”

ಯಾದೀರಾ ಹಣ್ಣನ್ನು ನೋಡಿದಳು, ಅವಳ ಮುಖವನ್ನು ನೋಡಿದಳು. ಪೆನ್ನು ಕಿವಿಯಿಂದ ಜಾರಿ ಬಿತ್ತು. “ಯಾವತ್ತಿಂದ?” ಎಂದಳು.

“ನಾಲ್ಕನೇ ದಿನದಿಂದ. ಒಂದು ದಿನಾನೂ ಬಿಟ್ಟಿಲ್ಲ.”

ಯಾದೀರಾ ಬೈಯಲಿಲ್ಲ. ಬೈದಿದ್ದರೆ ಎರ್ಲಿಂದಾಗೆ ಹಗುರವಾಗುತ್ತಿತ್ತು. ಅವಳು ಬೀಗ ತೆಗೆದು ಮತ್ತೆ ಒಳಗೆ ಹೋದಳು. ಹತ್ತಿ ತಂದಳು. ಮರುದಿನ ತಟ್ಟೆಯಲ್ಲಿ ಎರ್ಲಿಂದಾಳ ಮೊದಲ ಗುಳಿ ಗಾಢ ಹಳದಿ, ಎರಡನೆಯದು ಬಿಳಿಚಿಕೊಂಡಿತ್ತು.

“ವರದಿ ವಾಪಸ್ ತಗೋಬೇಕು,” ಎಂದಳು ಯಾದೀರಾ. “ನನ್ನ ಹೆಸರಲ್ಲೇ. ಮೊದಲ ದಿನವೇ ಹುಳಿ ಪರೀಕ್ಷೆ ಮಾಡ್ಬೇಕಿತ್ತು, ಮಾಡ್ಲಿಲ್ಲ. ಅದು ನನ್ನ ತಪ್ಪು.”

“ನನ್ನ ಹೆಸರೂ ಬರೀರಿ,” ಎಂದಳು ಎರ್ಲಿಂದಾ.

ನಿರ್ದೇಶಕ ಉರೂತಿಯಾ ಮೇಜಿನ ಮೇಲಿನ ಕಾಗದ ಹಾರುವ ಹಾಗೆ ಕೂಗಾಡಿದ. “ನಿಮಗೇನು ತಲೆ ಇದೆಯಾ? ಮೇಯರ್ ಮುಂದೆ ನಾನು ಎದೆ ಬಡ್ಕೊಂಡು ಹೇಳಿದೀನಿ! ಈಗ ಹೋಗಿ, ಸ್ವಾಮಿ, ಅದು ಆನೆ ಅಲ್ಲ, ಕಿತ್ತಳೆ ಹಣ್ಣು ಅಂತ ಹೇಳ್ಲಾ?”

“ನಾನೇ ಬಂದು ಹೇಳ್ತೀನಿ ಸಾಹೇಬ್ರೇ.”

“ನೀವು ಗಿಳಿಗಳ ಪಂಜರ ತೊಳೀರಿ, ಸಾಕು.”

ಹಾಗೆ ಎರ್ಲಿಂದಾ ಗಿಳಿಗಳ ಕಡೆ ಹೋದಳು. ಬ್ಯಾನರಿನವರು ಅವಳನ್ನು ಗುತ್ತಿಗೆದಾರರಿಗೆ ಮಾರಿಕೊಂಡವಳು ಎಂದರು. ಗುಡ್ಡದವರು ಇಷ್ಟು ದಿನ ನಮ್ಮನ್ನು ಆಟ ಆಡಿಸಿದಳು ಎಂದರು. ಎರಡೂ ಕಡೆಯವರು ಒಮ್ಮತಕ್ಕೆ ಬಂದದ್ದು ಆ ಒಂದು ವಿಷಯದಲ್ಲಿ ಮಾತ್ರ. ಏಪ್ರಿಲ್ ಕೊನೆಗೆ ಕಂಬದ ಕೆಲಸ ಮತ್ತೆ ಶುರುವಾಯಿತು. ಹೊಸದಾಗಿ, ಸರಿಯಾಗಿ ಅಳೆಯಬೇಕೆಂಬ ಷರತ್ತನ್ನು ಮಾತ್ರ ನಗರಸಭೆ ಉಳಿಸಿಕೊಂಡಿತು.

ಅಳೆಯುವುದು ಯಾರು? ವಿಶ್ವವಿದ್ಯಾಲಯದಿಂದ ಇಬ್ಬರು ಬಂದರು. ಒಬ್ಬಳನ್ನು ತೊಮಾಸಾ ನೀರೆರಚಿ ಓಡಿಸಿದಳು. ಇನ್ನೊಬ್ಬನ ಕೋಲನ್ನು ಕಿತ್ತುಕೊಂಡು, ಮುರಿದು, ಎರಡು ತುಂಡನ್ನೂ ಒಪ್ಪವಾಗಿ ಅವನ ಕಾಲ ಬಳಿ ಇಟ್ಟಳು. ಎಂಟು ದಿನದಲ್ಲಿ ಒಂದು ಹನಿ ಜೊಲ್ಲೂ ಸಿಗಲಿಲ್ಲ.

“ದೋನ್ಯಾ ಎರ್ಲಿಂದಾನೇ ಬೇಕು. ಇಲ್ದಿದ್ರೆ ನಾನಿಲ್ಲ,” ಎಂದು ಯಾದೀರಾ ನಿರ್ದೇಶಕನಿಗೆ ಹೇಳಿದಳು.

“ಮೋಸ ಮಾಡಿದವರೇ ಬೇಕಾ?”

“ಮಾಡಿದ್ದನ್ನ ಬಂದು ಹೇಳಿದವರು ಬೇಕು.”

ಎರ್ಲಿಂದಾ ಹಿಂದಿರುಗಿದಳು. ಈ ಸಲ ಅವಳೇ ತನಗೆ ನಿಯಮ ಹಾಕಿಕೊಂಡಳು. ಹಳೆಯ ಏಪ್ರನ್ ಸುಟ್ಟಳು. ಹಣ್ಣಿನವನ ವಾಸನೆಯೂ ಮೈಗೆ ತಾಗಬಾರದೆಂದು ಹಿಂದಿನ ಗೇಟಿನಿಂದ ಸುತ್ತಿ ಬರತೊಡಗಿದಳು. ಜೊಲ್ಲು ಸಿಕ್ಕ ಮೇಲೆ ಕ್ಯಾರೆಟ್ಟು, ಸಿಗುವ ಮೊದಲು ಬರಿಗೈ. ತೊಮಾಸಾಗೆ ಇದು ಒಪ್ಪಿಗೆಯಾಗಲಿಲ್ಲ. ಸೊಂಡಿಲಿನಿಂದ ಜೇಬು ಹುಡುಕಿದಳು, ಕುತ್ತಿಗೆ ಮೂಸಿದಳು, ಸಿಟ್ಟಿನಿಂದ ಮಣ್ಣು ತೂರಿದಳು.

“ಇಲ್ಲ ಕಣೇ. ಇನ್ಯಾವತ್ತೂ ಇಲ್ಲ,” ಎಂದಳು ಎರ್ಲಿಂದಾ ತಲೆಯ ಮಣ್ಣು ಕೊಡವಿಕೊಳ್ಳುತ್ತ. “ನೀನು ಹಟ ಮಾಡಿದ್ರೆ ನಾನೂ ಮಾಡ್ತೀನಿ. ನನಗೆ ನಿನಗಿಂತ ಹತ್ತು ವರ್ಷ ಜಾಸ್ತಿ.”

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎರ್ಲಿಂದಾ ಕಂಬಿಯ ಮುಂದೆ ಬರಿಗೈಯಲ್ಲಿ ನಿಂತಳು. ಹಾಳೆಯಲ್ಲಿ ‘ಸಿಗಲಿಲ್ಲ’ ಎಂದು ಬರೆದಳು. ಇಪ್ಪತ್ತೆಂಟು ಸಲ ಬರೆದಳು. ಆನೆಗೆ ನಾಲಿಗೆ ನೀವಿಸಿಕೊಳ್ಳುವುದು ಬಲು ಇಷ್ಟ ಎಂಬುದು ಅವಳಿಗೆ ನೆನಪಾದದ್ದು ಹದಿನೈದನೆಯ ಬೆಳಿಗ್ಗೆ. ತೊಳೆದ ಕೈಯನ್ನು ಅವಳ ತುಟಿಯ ಅಂಚಿನಲ್ಲಿಟ್ಟು ಸುಮ್ಮನೆ ಕಾದಳು. ತೊಮಾಸಾ ಒಂದು ದೊಡ್ಡ ಉಸಿರು ಬಿಟ್ಟು ನಿಧಾನವಾಗಿ ಬಾಯಿ ತೆರೆದಳು. ಎರ್ಲಿಂದಾ ಎಡಗೈಯಲ್ಲಿ ಅವಳ ನಾಲಿಗೆ ನೀವುತ್ತ ಬಲಗೈಯಲ್ಲಿ ಹತ್ತಿ ಇಟ್ಟಳು. ಕೊಳವೆಯ ಮೇಲೆ ಹೊತ್ತು ಬರೆದು ಕೊಟ್ಟಳು. ಯಾದೀರಾ ಹುಳಿ ನೋಡುವ ಕಾಗದ ಅದ್ದಿ ನೋಡಿ, “ಸ್ವಚ್ಛ,” ಎಂದಳು.

ಇಷ್ಟರಲ್ಲಿ ನಿರ್ದೇಶಕ ತನ್ನದೊಂದು ಏರ್ಪಾಡು ಮಾಡಿದ್ದ. ಯಂತ್ರ ನಡೆಯುವಷ್ಟು ಹೊತ್ತು, ಅಂದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ತೊಮಾಸಾಳನ್ನು ಹಿಂದಿನ ಲಾಯದಲ್ಲಿ ಕೂಡಿ ಬಾಗಿಲು ಹಾಕಬೇಕು. ದಪ್ಪ ಗೋಡೆ, ಸದ್ದು ಕಡಿಮೆ ಕೇಳುತ್ತದೆ. ಯಾರೂ ಬೇಡವೆನ್ನಲಿಲ್ಲ. ಎರ್ಲಿಂದಾಗೂ ಅದು ಒಳ್ಳೆಯದೆಂದೇ ತೋರಿತು. ದಿನಾ ತಾನೇ ಸರಪಳಿ ಎಳೆದು ಕಬ್ಬಿಣದ ಬಾಗಿಲು ಇಳಿಸುತ್ತಿದ್ದಳು.

ಜೂನ್ ಮುಗಿಯುವ ಹೊತ್ತಿಗೆ ಐದು ವಾರದ ಅಂಕಿಗಳು ಬಂದವು. ಬೆಳಿಗ್ಗೆ ಐದು, ಸಹಜವಾಗಿಯೇ ಇತ್ತು. ಸಂಜೆ ಎಂಟು, ಒಂಬತ್ತು, ಎಂಟು.

“ಸಂಜೆ ಇಳಿಯೋ ಬದಲು ಏರ್ತಿದೆ,” ಎಂದಳು ಯಾದೀರಾ. “ಈ ಸಲ ಹುಳಿ ಇಲ್ಲ, ಸುಳ್ಳಿಲ್ಲ. ಸದ್ದು ಅವಳಿಗೆ ನಿಜವಾಗ್ಲೂ ತಾಗ್ತಿದೆ ದೋನ್ಯಾ. ನೀವು ಹೇಳಿದ್ದೇ ಸರಿ ಇತ್ತು.”

ಎರ್ಲಿಂದಾಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಕನ್ನಡಕ ಏರಿಸಿ ಹಾಳೆಯನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

“ಇದೇನು, ಇಲ್ಲಿ ಮೂರು ಇದೆ? ಹನ್ನೆರಡನೇ ತಾರೀಕಿನ ಸಂಜೆ.”

“ಒಂದೊಂದು ಸಲ ಹಾಗಾಗುತ್ತೆ. ಅವತ್ತು ಯಂತ್ರ ನಿಂತಿತ್ತೋ ಏನೋ.”

“ಇಲ್ಲ. ಅವತ್ತು ಯಂತ್ರ ಹಗಲೆಲ್ಲ ಗುದ್ದಿದೆ, ನನ್ನ ಹಲ್ಲು ಕಟಕಟ ಅಂತಿತ್ತು.” ಎರ್ಲಿಂದಾ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. “ಅವತ್ತು ಲಾಯದ ಬಾಗಿಲ ಸರಪಳಿ ಸಿಕ್ಕಿಹಾಕ್ಕೊಂಡಿತ್ತು. ಬಾಗಿಲು ಇಳೀಲೇ ಇಲ್ಲ. ಅವಳು ದಿನವೆಲ್ಲ ಹೊರಗಿದ್ಲು.”

ಯಾದೀರಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

“ಒಂದೇ ಒಂದು ದಿನ,” ಎಂದಳು ಯಾದೀರಾ ನಿಧಾನವಾಗಿ. “ಒಂದು ದಿನ ನಂಬಿ ಏನೂ ಹೇಳೋಕಾಗಲ್ಲ.”

“ಹಾಗಾದ್ರೆ ಇನ್ನೂ ಇಪ್ಪತ್ತು ದಿನ ಬಾಗಿಲು ತೆಗೆದಿಡೋಣ.”

ಉರೂತಿಯಾ ಒಪ್ಪಲಿಲ್ಲ. ಆನೆ ಬೆದರಿ ಗೋಡೆಗೆ ನುಗ್ಗಿದರೆ ಯಾರು ಹೊಣೆ, ಪತ್ರಿಕೆಯವರು ಏನು ಬರೆಯುತ್ತಾರೆ, ಎಂದ. ಎರ್ಲಿಂದಾ ಮಂಗಳವಾರ ಹೋಗಿ ಕೇಳಿದಳು, ಬುಧವಾರ ಹೋಗಿ ಕೇಳಿದಳು. ಗುರುವಾರ ಅವನು ಬರುವ ಮೊದಲೇ ಅವನ ಕೋಣೆಯ ಮುಂದೆ ಬೆಂಚಿನ ಮೇಲೆ ಜೋಳದ ಕಡುಬಿನಂಥ ತಮಾಲೆ ತಿನ್ನುತ್ತ ಕೂತಿದ್ದಳು.

“ದೋನ್ಯಾ, ನಿಮಗೆ ಬೇರೆ ಕೆಲಸ ಇಲ್ವಾ?”

“ಇದೇ ಕೆಲಸ ಸಾಹೇಬ್ರೇ. ಅವಳನ್ನ ಹೊರಗೆ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಬಾಗಿಲು ಮುಚ್ಬೇಡಿ ಅಂತಷ್ಟೇ ಕೇಳ್ತಿರೋದು. ಭಯ ಆದ್ರೆ ಅವಳೇ ಒಳಗೆ ಹೋಗ್ತಾಳೆ. ಅವಳಿಷ್ಟಕ್ಕೆ ಬಿಡೋಣ.”

“ಏನಾದ್ರೂ ಆದ್ರೆ?”

“ನಾನು ಅಲ್ಲೇ ನಿಂತಿರ್ತೀನಿ. ಒಂದು ಸಲ ಅವಳ ಬಾಯಲ್ಲಿ ಊರಿಗೆಲ್ಲ ಸುಳ್ಳು ಹೇಳಿಸ್ಬಿಟ್ಟೆ. ಈ ಸಲ ನಿಜ ಏನು ಅಂತ ಗೊತ್ತಾಗೋವರೆಗೂ ನಾನು ಈ ಬೆಂಚು ಬಿಟ್ಟು ಏಳಲ್ಲ.”

ಉರೂತಿಯಾ ಟೋಪಿ ತೆಗೆದು ತಲೆ ಕೆರೆದುಕೊಂಡ. “ಹತ್ತು ದಿನ ತೆಗೆದು, ಹತ್ತು ದಿನ ಮುಚ್ಚಿ. ಅದಕ್ಕಿಂತ ಒಂದು ದಿನಾನೂ ಹೆಚ್ಚಿಲ್ಲ,” ಎಂದ.

ಜುಲೈ ಮೊದಲ ಮಂಗಳವಾರ ಯಂತ್ರ ಗುಡುಗಿದಾಗ ಎರ್ಲಿಂದಾ ಲಾಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತೊಮಾಸಾ ಕಿವಿ ಅಗಲಿಸಿ ನಿಂತಳು. ಎರಡು ಹೆಜ್ಜೆ ಲಾಯದ ಕಡೆ ಬಂದಳು. ಒಳಗೆ ಇಣುಕಿ, ಬಾಗಿಲು ಮೇಲೇ ಇರುವುದನ್ನು ಸೊಂಡಿಲಿನಿಂದ ಮುಟ್ಟಿ ನೋಡಿದಳು. ಆಮೇಲೆ ತಿರುಗಿ, ನಿಧಾನವಾಗಿ, ಹಿಂಗೋಡೆಯ ಹತ್ತಿರಕ್ಕೇ ಹೋದಳು. ಗೋಡೆಯ ಮೇಲಿನಿಂದ ಹಳದಿ ಕ್ರೇನಿನ ಕತ್ತು ಕಾಣುತ್ತಿತ್ತು. ಅದು ಬಾಗಿದಾಗ ಬಾಗಿ, ಎದ್ದಾಗ ಎದ್ದು, ತೊಮಾಸಾ ಅದನ್ನೇ ನೋಡಿದಳು. ಒಂದು ಮುಂಗಾಲನ್ನು ಮಣ್ಣಿನ ಮೇಲೆ ಊರಿ, ನೆಲದ ನಡುಕವನ್ನು ಆಲಿಸುವವಳ ಹಾಗೆ ನಿಂತಳು. ಮಧ್ಯಾಹ್ನಕ್ಕೆ ಕ್ರೇನಿನ ಹುಡುಗರು ಊಟಕ್ಕೆ ಕೂತಾಗ ಅವಳೂ ಹುಲ್ಲಿನ ಕಡೆ ಬಂದಳು. ಯಂತ್ರ ಮತ್ತೆ ಶುರುವಾದಾಗ ಮತ್ತೆ ಗೋಡೆಯ ಬಳಿ ಹಾಜರಾದಳು.

“ನೋಡಿ, ಮೇಸ್ತ್ರಿ ಬಂದ್ರು!” ಎಂದು ಆಚೆಯಿಂದ ಒಬ್ಬ ಕೂಗಿದ.

ಇಪ್ಪತ್ತು ದಿನ ಮುಗಿದವು. ಬಾಗಿಲು ತೆರೆದ ದಿನಗಳ ಸಂಜೆ ಮೂರು, ಎರಡು, ಮೂರು. ಬಾಗಿಲು ಹಾಕಿದ ದಿನಗಳ ಸಂಜೆ ಒಂಬತ್ತು, ಎಂಟು, ಹತ್ತು. ಯಂತ್ರ ಮಾತ್ರ ಎಲ್ಲ ದಿನವೂ ಒಂದೇ ಸಮ ಗುದ್ದಿತ್ತು.

ಎರ್ಲಿಂದಾ ಆ ಹಾಳೆಯನ್ನು ಮೂರು ಸಲ ಓದಿದಳು. ಐದು ವಾರ ತನ್ನ ಕೈಯಾರೆ ಇಳಿಸಿದ ಬಾಗಿಲು. ಆ ಬಾಗಿಲು ಇಳಿದಾಗ ತೊಮಾಸಾಗೆ ಸರ್ಕಸ್ಸಿನ ಲಾರಿ ನೆನಪಾಗುತ್ತಿತ್ತೋ ಏನೋ, ಅದು ಜೊಲ್ಲಿನಲ್ಲಿ ಬರೆದಿರಲಿಲ್ಲ. ಸದ್ದು ಎಲ್ಲಿಂದ ಬರುತ್ತದೆಂದು ನೋಡಲಾಗದೆ ಕತ್ತಲಲ್ಲಿ ನಿಂತದ್ದು ಮಾತ್ರ ಬರೆದಿತ್ತು. ಅವಳು ಅಂಗಳಕ್ಕೆ ಹೋಗಿ ತೊಮಾಸಾಳ ಕಾಲಿಗೆ ಹಣೆ ಒತ್ತಿ ನಿಂತಳು. “ತಪ್ಪಾಯ್ತು ಕಣೇ,” ಎಂದಳು. ತೊಮಾಸಾ ಅವಳ ತಲೆಗೂದಲನ್ನು ಸೊಂಡಿಲಿನಿಂದ ಕೆದಕಿ ಕೆದಕಿ ಕೆಡಿಸಿದಳು.

ಹೊಸ ವರದಿಯನ್ನು ನಗರಸಭೆಯ ಸಭೆಯಲ್ಲಿ ಯಾದೀರಾ ಓದಿದಳು. ಬ್ಯಾನರಿನವರೂ ಇದ್ದರು, ಗುಡ್ಡದವರೂ ಇದ್ದರು. ಪ್ರಶ್ನೆಗಳಿಗೆಲ್ಲ ಎರ್ಲಿಂದಾಳೇ ಎದ್ದು ನಿಂತು ಉತ್ತರ ಕೊಟ್ಟಳು. ಕಿತ್ತಳೆಯ ವಿಷಯವನ್ನೂ ಯಾರೂ ಕೇಳುವ ಮೊದಲೇ ತಾನಾಗಿ ಹೇಳಿದಳು. ಕೆಲವರು ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದು ಮುಂದಕ್ಕೆ ಹೇಳಿದಳು. ಹಿಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚೋಲೆ ಕೊನೆಗೆ ಕೈಯೆತ್ತಿ ಕರೆದಳು.

“ಕೊಮಾದ್ರೆ, ಗಂಟಲು ಒಣಗಿರಬೇಕು. ಬಾ, ನೀರು ಕುಡಿ,” ಎಂದು ತನ್ನ ಬಾಟಲಿ ಮುಂದಕ್ಕೆ ಚಾಚಿದಳು. ವೈದ್ಯರು ಅವಳಿಗೆ ದಿನಕ್ಕೆ ಅಳೆದು ಕೊಟ್ಟ ನೀರು ಅದು. ಎರ್ಲಿಂದಾ ಒಂದೇ ಗುಟುಕು ಕುಡಿದು ವಾಪಸ್ ಕೊಟ್ಟಳು.

ಮಾರನೆಯ ವಾರ ಲಾಯದ ಕಬ್ಬಿಣದ ಬಾಗಿಲನ್ನು ಬಿಚ್ಚಿ ಗುಜರಿಗೆ ಹಾಕಿದರು. ಕೇಬಲ್ ಕಾರು ನವೆಂಬರಿನಲ್ಲಿ, ಸತ್ತವರ ಹಬ್ಬ ಕಳೆದ ಮೇಲೆ, ಓಡಲಾರಂಭಿಸಿತು. ಕೆಂಪು ಪೆಟ್ಟಿಗೆಗಳು ತಲೆಯ ಮೇಲೆ ಸಾಗುವುದನ್ನು ತೊಮಾಸಾ ಎರಡು ದಿನ ಕತ್ತೆತ್ತಿ ನೋಡಿದಳು, ಮೂರನೆಯ ದಿನ ನೋಡುವುದನ್ನು ಬಿಟ್ಟಳು.

ಕಂಬದ ಕೆಲಸ ಮುಗಿದರೂ ಎರ್ಲಿಂದಾ ಅಳೆಯುವುದನ್ನು ಬಿಡಲಿಲ್ಲ. ಮೃಗಾಲಯಕ್ಕೆ ರಜೆಯಿರುವ ಸೋಮವಾರಗಳಲ್ಲೂ ಎರಡು ಹೊತ್ತು ಬಂದು ಜೊಲ್ಲು ತೆಗೆದುಕೊಂಡು ಹೋಗುತ್ತಿದ್ದಳು. ಡಿಸೆಂಬರಿನಲ್ಲಿ ಯಾದೀರಾ ಕಳಿಸಿದ ಹಾಳೆಯನ್ನು ಅವಳು ಬೆರಳಿಟ್ಟು ಓದಿದಳು. ವಾರವೆಲ್ಲ ಸಂಜೆಯ ಅಂಕಿ ಎರಡು, ಮೂರು. ಸೋಮವಾರ ಆರು. ಮುಂದಿನ ಸೋಮವಾರವೂ ಆರು. ಅದರ ಮುಂದಿನದು ಏಳು. ನೋಡಲು ಬರುವ ಜನರಿಲ್ಲ, ಗುಡಿಸುವವರಿಲ್ಲ, ಮಾತಾಡಿಸುವವರಿಲ್ಲ, ಪಕ್ಕದಲ್ಲಿ ಇನ್ನೊಂದು ಆನೆಯಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ.

ಎರ್ಲಿಂದಾ ಹಾಳೆಯನ್ನು ಮಡಿಸಿ ಜೇಬಿಗಿಟ್ಟು, ಎಡಗಾಲು ಎಳೆಯುತ್ತ ಕಚೇರಿಯ ಮೆಟ್ಟಿಲು ಹತ್ತಿದಳು. ಉರೂತಿಯಾ ಬಾಗಿಲಲ್ಲೇ ಸಿಕ್ಕಿದ. ಅವಳನ್ನು ಕಂಡವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಮತ್ತೇನು ದೋನ್ಯಾ? ಬಾಗಿಲು ತೆಗೆಸಿ ಆಯ್ತಲ್ಲ.”

“ಬಾಗಿಲ ವಿಷಯ ಅಲ್ಲ ಸಾಹೇಬ್ರೇ,” ಎಂದಳು ಎರ್ಲಿಂದಾ ಬೆಂಚಿನ ಮೇಲೆ ಕೂರುತ್ತ. “ಸೋಮವಾರದ ವಿಷಯ. ಕೂತ್ಕೊಳ್ಳಿ, ಸ್ವಲ್ಪ ಹೊತ್ತು ಹಿಡಿಯುತ್ತೆ.”